ತುರಿಮಣೆಯ ಮೇಲೆ ಕಟ್ಟಿದ ಪದ್ಯ

ಲಾಮು ದ್ವೀಪದ ಕಲ್ಲುಮನೆಗಳ ಹೆಂಗಸರಿಗೆ ಎರಡು ವಿಷಯದಲ್ಲಿ ಬಲು ಜಂಭ. ಒಂದು ಮಲ್ಲಿಗೆ, ಇನ್ನೊಂದು ಪದ್ಯ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಮಾತು ನಮ್ಮೂರಿಗೆ ಅಳತೆ ಕೊಟ್ಟು ಹೊಲಿಸಿದಂತಿದೆ. ಪದ್ಯದ ವಿಷಯವಂತೂ ಕೇಳಲೇಬೇಡಿ. ನಾಲ್ಕು ಜನ ಹೆಂಗಸರು ಒಂದು ಕಡೆ ಕೂತರೆ ಮೂವರಿಗೆ ಪದ್ಯ ಕಟ್ಟಲು ಬರುತ್ತದೆ, ನಾಲ್ಕನೆಯವಳಿಗೆ ಆ ಮೂವರ ಪದ್ಯದಲ್ಲಿ ತಪ್ಪು ಹಿಡಿಯಲು ಬರುತ್ತದೆ. ಇಂಥ ಊರಿಗೆ, ಪದ್ಯದ ಗಂಧಗಾಳಿ ಇಲ್ಲದ ಹೊಳೆಯ ಸೀಮೆಯಿಂದ ಧಹಾಬು ಮದುವೆಯಾಗಿ ಬಂದಳು.

ಧಹಾಬು ಅಂದರೆ ಚಿನ್ನ. ಆ ಹೆಸರಿಟ್ಟ ಅಪ್ಪ ಕೊಮೋರಾ, ತಾನಾ ಎಂಬ ಹೊಳೆಯ ದಂಡೆಯಲ್ಲಿ ಭತ್ತ ಬೆಳೆಯುತ್ತಿದ್ದವನು. ಅವನ ಮನೆಯಲ್ಲಿ ಆ ಹೆಸರೊಂದನ್ನು ಬಿಟ್ಟರೆ ಬೇರೆ ಚಿನ್ನ ಇರಲಿಲ್ಲ. ಮೊದಲ ಗಂಡ ಕೆಲವು ವರ್ಷ ಕಾದು ನೋಡಿ, ಮಕ್ಕಳಾಗಲಿಲ್ಲವೆಂದು ತಲಾಖ್ ಹೇಳಿ ಅವಳನ್ನು ತವರಿಗೆ ಕಳಿಸಿದ್ದ. ಆಮೇಲೆ ಹಾಯಿದೋಣಿಯ ಯಜಮಾನ ಅಥ್ಮಾನ್ ಮಾವಿನಹಣ್ಣು ತುಂಬಿಕೊಳ್ಳಲು ಹೊಳೆಬಾಯಿಗೆ ಬಂದವನು ಇವಳ ವಿಷಯ ಕೇಳಿದ. ಅವನ ಹೆಂಡತಿ ರಾಯಾ ಜ್ವರದಲ್ಲಿ ತೀರಿಕೊಂಡು ವರ್ಷವಾಗಿತ್ತು. ಏಳು ವರ್ಷದ ಮಗಳಿದ್ದಳು, ತೀಮಾ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಎರಡನೇ ಸಂಬಂಧ, ಮೇಲೆ ಮಲತಾಯಿಯ ಪಟ್ಟ ಎಂದು ನೆಂಟರು ಮೂಗು ಮುರಿದರು. ಧಹಾಬು ಮಾತ್ರ ಇದು ದೇವರು ಕೈಯೆತ್ತಿ ಕೊಟ್ಟದ್ದು ಅಂದುಕೊಂಡಳು. "ಹೊಟ್ಟೇಲಿ ಹುಟ್ಟಲಿಲ್ಲ, ದೋಣಿ ಹತ್ತಿ ಹೋದ್ರೆ ಸಿಗತ್ತೆ ಅಂದ್ರೆ ಬೇಡ ಅನ್ನೋಕೆ ನಂಗೇನು ಹುಚ್ಚಾ?" ಎಂದು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ.

ಬಂದ ದಿನ ಮಗು ಇವಳ ಮುಖ ನೋಡಲಿಲ್ಲ. ಸತ್ತ ತಾಯಿಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿತ್ತು. ಧಹಾಬು ಪುಸಲಾಯಿಸಲಿಲ್ಲ, ಬೈಯಲೂ ಇಲ್ಲ. ಮಂಚದ ಅಂಚಿನಲ್ಲಿ ಕೂತು ಬೆನ್ನು ಸವರುತ್ತಿದ್ದಳು. ಮರುದಿನವೂ ಅದೇ, ಅದರ ಮರುದಿನವೂ ಅದೇ. ಅಡಿಗೆ ಮುಗಿಸಿ ಬಂದು ಕೂರುವುದು, ಸವರುವುದು, ಎದ್ದು ಹೋಗುವುದು. ಹಾಗೇ ಎಷ್ಟೋ ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಗೋಡೆಯ ಕಡೆಯಿಂದ ಪ್ರಶ್ನೆ ಬಂತು.

"ನಿಮ್ಮ ಹೊಳೇಲಿ ಮೊಸಳೆ ಇದೆಯಾ?"

"ಇದೆ."

"ನೀವು ನೋಡಿದೀರಾ?"

"ನೋಡದೆ ಏನು? ನಮ್ಮಜ್ಜಿಯ ಮೇಕೇನ ತಿಂದಿದ್ದು ಅದೇ. ಮೇಕೆ ಕೊರಳಲ್ಲಿ ಗಂಟೆ ಇತ್ತು. ಆಮೇಲೆ ಎಷ್ಟೋ ದಿನ ನೀರೊಳಗಿಂದ ಗಂಟೆ ಸದ್ದು ಬರ್ತಿತ್ತಂತೆ."

ಮಗು ತಿರುಗಿತು. ಇವಳು ನಿಜ ಹೇಳುತ್ತಿದ್ದಾಳೋ ಸುಳ್ಳು ಹೇಳುತ್ತಿದ್ದಾಳೋ ಎಂದು ಮುಖ ನೋಡಿತು. ಅವತ್ತು ಇಬ್ಬರೂ ಒಂದೇ ತಟ್ಟೆಯಲ್ಲಿ ಅನ್ನ ಮೀನು ತಿಂದರು. ತೀಮಾ ಅವಳನ್ನು ಚಿಕ್ಕಮ್ಮ ಎಂದು ಕರೆದಳು. ಚಿಕ್ಕಮ್ಮ, ನೀವು, ಬನ್ನಿ, ಹೋಗಿ. ಮಾತಿನಲ್ಲಿ ಮರ್ಯಾದೆಗೆ ಕೊರತೆ ಇರಲಿಲ್ಲ. ಆ ಮರ್ಯಾದೆಯೇ ಒಂದು ಮಾರು ದೂರ ಎಂದು ಧಹಾಬುವಿಗೆ ಗೊತ್ತಿತ್ತು, ಆದರೂ ಸಿಕ್ಕಿದ್ದಕ್ಕೆ ಅವಳು ಸಂತೋಷಪಟ್ಟಳು.

ಅಥ್ಮಾನನ ಅಕ್ಕ ಸ್ವಫೀಯಾಗೆ ಈ ಸಂಬಂಧ ಸ್ವಲ್ಪವೂ ಹಿಡಿಸಿರಲಿಲ್ಲ. ನಮ್ಮಲ್ಲಿ ಹೆಂಗಸರು ಬಾಯಿಬಿಟ್ಟು ಜಗಳ ಆಡುವುದು ಕಡಿಮೆ. ಉಡುವ ಬಟ್ಟೆಯ ಅಂಚಿನಲ್ಲಿ ಒಂದೊಂದು ಮಾತು ಅಚ್ಚಾಗಿರುತ್ತದೆ. ಬೇಕಾದ ಮಾತಿನ ಬಟ್ಟೆ ಉಟ್ಟು ಬೇಕಾದವರ ಬಾಗಿಲ ಮುಂದೆ ಎರಡು ಸಲ ಓಡಾಡಿದರೆ ಜಗಳ ಮುಗಿದ ಹಾಗೆ. ಸ್ವಫೀಯಾ ಮೊದಲ ವಾರವೇ ಹೊಸ ಬಟ್ಟೆ ಉಟ್ಟು ಬಂದಳು. ಅಂಚಿನಲ್ಲಿ 'ಹೊಳೆ ನೀರಿಗೇನು ಗೊತ್ತು ಕಡಲ ಉಪ್ಪು' ಎಂದಿತ್ತು. ಧಹಾಬು ಅದನ್ನು ಓದಿಸಿಕೊಂಡು ಕೇಳಿ, "ಬಣ್ಣ ಚೆನ್ನಾಗಿದೆ ಅತ್ತಿಗೆ, ಎಲ್ಲಿ ತಗೊಂಡ್ರಿ?" ಅಂದಳು. ಸ್ವಫೀಯಾಗೆ ಮೈಯೆಲ್ಲ ಉರಿಯಿತು. ಆವತ್ತಿನಿಂದ ಅವಳ ಬಾಯಲ್ಲಿ ಧಹಾಬು ಎನ್ನುವ ಹೆಸರು ಬರಲಿಲ್ಲ. 'ಹೊಳೆಯವಳು' ಎಂದೇ ಕರೆಯುವುದಾಯಿತು.

ಪದ್ಯ ಅವಳಿಗೆ ಅಂಟಿಕೊಂಡದ್ದು ರಂಜಾನ್ ತಿಂಗಳಲ್ಲಿ. ನಮ್ಮ ಓಣಿಯ ಕೊನೆಯಲ್ಲಿ ಮ್ವನಾಕೋಂಬೋ ಎಂಬ ಮುದುಕಿ ಇದ್ದರು. ಎಲ್ಲರಿಗೂ ಕೋಂಬೋ ಅಜ್ಜಿ. ಹಳೆಯ ದೊಡ್ಡ ಪದ್ಯಗಳು ಅವರ ನಾಲಗೆಯ ತುದಿಯಲ್ಲಿದ್ದವು. ಉಪವಾಸದ ಸಂಜೆಗೆ ಅಡಿಗೆ ಮಾಡುವ ನೆಪದಲ್ಲಿ ಹೆಂಗಸರು ಅವರ ಅಂಗಳದಲ್ಲಿ ಸೇರುತ್ತಿದ್ದರು. ಒಬ್ಬರು ಹಿಟ್ಟು ನಾದುತ್ತ, ಒಬ್ಬರು ಅವರೆ ಬಿಡಿಸುತ್ತ ಅಜ್ಜಿ ಹೇಳುವ ಪದ್ಯಕ್ಕೆ ಕೊನೆಯ ಸಾಲು ಸೇರಿಸುತ್ತಿದ್ದರು. ಧಹಾಬುವನ್ನು ಚಪ್ಪಲಿ ಬಿಡುವ ಕಡೆ ಕೂರಿಸಿ ತೆಂಗಿನಕಾಯಿ ತುರಿಯಲು ಹಚ್ಚಿದರು. ಅವಳಿಗೆ ಪದ್ಯದ ಅರ್ಧ ಮಾತು ತಿಳಿಯುತ್ತಿರಲಿಲ್ಲ. ಆದರೆ ಕೈ ಕೇಳಿಸಿಕೊಳ್ಳುತ್ತಿತ್ತು.

ಒಂದು ದಿನ ಅಜ್ಜಿ ಪದ್ಯದ ನಡುವೆ ನಿಲ್ಲಿಸಿದರು. ತುರಿಮಣೆಯ ಸದ್ದು ಮಾತ್ರ ಉಳಿಯಿತು. ಎಂಟು ಎಳೆತ, ಒಂದು ಚಿಕ್ಕ ನಿಲುಗಡೆ, ಹೋಳು ತಿರುಗಿಸಿ ಮತ್ತೆ ಎಂಟು.

"ಏ ಹೊಳೆಯವಳೇ," ಅಂದರು ಅಜ್ಜಿ. "ನಿನ್ನ ತುರಿಮಣೆ ಪದ್ಯ ಹೇಳ್ತಿದೆಯಲ್ಲೇ!"

ಧಹಾಬು ಹೆದರಿ ಕೈ ನಿಲ್ಲಿಸಿದಳು. "ತಪ್ಪಾಯ್ತು ಅಜ್ಜಿ."

"ತಪ್ಪೇನು ಬಂತು? ಇಷ್ಟು ವರ್ಷ ಇಲ್ಲಿ ಕೂತಿರೋ ಈ ಮಹಾರಾಣೀರಿಗೆ ಇನ್ನೂ ಎಂಟು ಎಣಿಸೋಕೆ ಬರಲ್ಲ. ಬಾ, ಹತ್ರ ಕೂತ್ಕೋ. ತುರಿಮಣೆನೂ ತಗೊಂಡು ಬಾ."

ಹಾಗೆ ಕಲಿಕೆ ಶುರುವಾಯಿತು. ಪದ್ಯದ ಒಂದೊಂದು ಕಟ್ಟಿಗೆ ನಾಲ್ಕು ಸಾಲು. ಒಂದೊಂದು ಸಾಲಿಗೆ ಎಂಟು ಅಕ್ಷರ. ಮೊದಲ ಮೂರು ಸಾಲು ಒಂದೇ ದನಿಯಲ್ಲಿ ಮುಗಿಯಬೇಕು. ನಾಲ್ಕನೆಯ ಸಾಲಿನ ಕೊನೆ ಮಾತ್ರ ಬೇರೆ, ಆ ಕೊನೆಯೇ ಮೊದಲ ಕಟ್ಟಿನಿಂದ ಕಡೆಯ ಕಟ್ಟಿನವರೆಗೂ ಸರದ ದಾರದ ಹಾಗೆ ಹೋಗಬೇಕು. ಇದನ್ನು ಅಜ್ಜಿ ಅವಳಿಗೆ ಕಾಯಿಯ ಲೆಕ್ಕದಲ್ಲಿ ಹೇಳಿಕೊಟ್ಟರು. ಅರ್ಧ ಹೋಳನ್ನು ನಾಲ್ಕು ಸಲ ತಿರುಗಿಸು, ಸಲಕ್ಕೆ ಎಂಟು ಎಳೆತ, ಹೋಳು ಬರಿದಾಗುವಾಗ ಒಂದು ಕಟ್ಟು ಮುಗಿಯಬೇಕು. ಕಾಯಿ ಉಳಿದರೆ ಪದ್ಯ ಸಾಲದು, ಚಿಪ್ಪು ಕೆರೆದರೆ ಪದ್ಯ ಹೆಚ್ಚಾಯಿತು. ಹಳೆಯ ಪದ್ಯಗಳೆಲ್ಲ ಅವಳ ಕೈಗೆ ಹೀಗೇ ಬಂದವು. ಅಥ್ಮಾನನ ಮನೆಯಲ್ಲಿ ಆ ವರ್ಷಗಳಲ್ಲಿ ತಿಂದಷ್ಟು ಕಾಯಿಹಾಲಿನ ಅನ್ನವನ್ನು ಬೇರೆ ಯಾರೂ ತಿಂದಿರಲಾರರು. "ದೋಣಿ ಮಾರಿ ತೆಂಗಿನ ತೋಟ ತಗೋಬೇಕಾಗತ್ತೆ ನಾನು," ಎಂದು ಅವನು ಗೊಣಗಿದರೂ ಮೂರನೇ ಸಲ ಬಡಿಸಿಕೊಳ್ಳುತ್ತಿದ್ದ.

ತೀಮಾ ಹತ್ತೊಂಬತ್ತಕ್ಕೆ ಕಾಲಿಟ್ಟಾಗ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಗೆ ಮೊದಲು ಹುಡುಗಿಯನ್ನು ಕೆಲವು ದಿನ ಒಳಕೋಣೆಯಲ್ಲಿ ಕೂರಿಸುತ್ತಾರೆ. ಗಂಧ ಹಚ್ಚುತ್ತಾರೆ, ಗೋರಂಟಿ ಇಡುತ್ತಾರೆ. ಕೊನೆಯ ದಿನ ತಾಯಿಯಾದವಳು ಮಗಳ ಎದುರು ಕೂತು ಬುದ್ಧಿಮಾತಿನ ಪದ್ಯ ಹೇಳುತ್ತಾಳೆ. ತಾನೇ ಕಟ್ಟಿದ್ದಾದರೆ ಕಡೆಯ ಕಟ್ಟಿನಲ್ಲಿ ತನ್ನ ಹೆಸರು ಇಡುತ್ತಾಳೆ. ಹೆಸರು ಬಂದ ಕೂಡಲೇ ಕೇಳುತ್ತಿರುವವರೆಲ್ಲ ಕೈಯೆತ್ತಿ ಅವಳಿಗಾಗಿ ದೇವರಲ್ಲಿ ದುವಾ ಬೇಡಬೇಕು. ಆ ಪದ್ಯವನ್ನು ಮುಂದೆ ಯಾರು ಎಲ್ಲಿ ಹೇಳಿದರೂ ಹೆಸರಿಗೆ ದುವಾ ತಪ್ಪುವ ಹಾಗಿಲ್ಲ. ರಾಯಾಳ ತವರಿನಲ್ಲಿ ಪ್ರತಿ ತಾಯಿಯೂ ಸ್ವಂತ ಪದ್ಯ ಕಟ್ಟಿದವಳೇ. ಆ ಮನೆಯ ಬೆಕ್ಕು ಕೂಡ ಅಕ್ಷರ ಎಣಿಸಿ ಮಿಯಾಂವ್ ಅನ್ನುತ್ತದೆ ಎಂದು ಊರವರು ನಗುವುದಿತ್ತು. ರಾಯಾ ಮಗಳಿಗೆ ಪದ್ಯ ಕಟ್ಟುವ ಮೊದಲೇ ಹೋಗಿಬಿಟ್ಟಿದ್ದಳು.

"ತಾಯಿ ಇಲ್ಲದ ಹುಡುಗಿ," ಎಂದು ಸ್ವಫೀಯಾ ಧಹಾಬುವಿನ ಎದುರೇ ನಿಟ್ಟುಸಿರು ಬಿಟ್ಟಳು. "ಮ್ಕೊಮಾನಿ ಕೇರಿಯಿಂದ ಯಾರನ್ನಾದ್ರೂ ಕರೆಸಿ ಹೇಳಿಸೋಣ. ಕೂಲಿ ಪದ್ಯನಾದ್ರೂ ಸರಿ, ಪದ್ಯ ಇಲ್ಲದೆ ಕಳ್ಸೋಕಾಗತ್ತಾ?"

ಧಹಾಬು ನೇರ ಕೋಂಬೋ ಅಜ್ಜಿಯ ಮನೆಗೆ ಹೋದಳು.

"ನಾನು ಕಟ್ಟಬಹುದಾ ಅಜ್ಜಿ?"

"ಕಟ್ಟು. ಯಾರು ಬೇಡ ಅಂದ್ರು?"

ವಾರಗಟ್ಟಲೆ ತುರಿದಳು, ಕಟ್ಟಿದಳು. ಬರೆಯಲು ಬಾರದವಳಾದ್ದರಿಂದ ಎಲ್ಲ ತಲೆಯಲ್ಲೇ. ಮೊದಲು ಹೋಗಿ ಒಪ್ಪಿಸಿದಾಗ ಪ್ರತಿ ಕಟ್ಟಿನ ಕೊನೆಯಲ್ಲಿ 'ಹುಡುಗಿ' ಎಂದಿತ್ತು. ಅಜ್ಜಿ ಎಲೆಅಡಿಕೆ ಉಗುಳಿ ಬಂದು ಕೇಳಿದರು.

"ಯಾರ ಮನೆ ಹುಡುಗಿ?"

"ಅಂದ್ರೆ?"

"ದಾರೀಲಿ ಹೋಗೋ ಹುಡುಗಿಗೆ ಬುದ್ಧಿ ಹೇಳ್ತಿದೀಯಾ? ಬೆನ್ನು ಸವರಿ ಬೆಳೆಸಿದವಳು ನೀನು. ಮಗಳೇ ಅಂತ ಕರಿ. ಕರೆಯೋಕೆ ಧೈರ್ಯ ಇಲ್ಲದಿದ್ರೆ ಕಾಯಿ ದಂಡ ಮಾಡ್ಬೇಡ, ಮನೆಗೆ ಹೋಗು."

ಧಹಾಬು ಆ ಶಬ್ದವನ್ನು ಹನ್ನೆರಡು ವರ್ಷದಲ್ಲಿ ಒಂದು ಸಲವೂ ಬಾಯಲ್ಲಿ ಆಡಿರಲಿಲ್ಲ. ತೀಮಾ ಅಮ್ಮ ಅನ್ನದೆ ತಾನು ಮಗಳೇ ಅನ್ನುವುದು ಹೇಗೆ ಎಂಬ ಅಳುಕು. ಅಜ್ಜಿಯ ಎದುರು ತುರಿಮಣೆಯಿಲ್ಲದೆ, ಮಂಡಿಯ ಮೇಲೆ ಬೆರಳು ಬಡಿಯುತ್ತ, ಮೊದಲ ಸಲ ಅಂದಳು:

ಒಲೆ ಮುಂದೆ ಕುಳಿತರೆ
ಮಾತು ಬಾಯಿಗೆ ಬಂದರೆ
ಉಪ್ಪು ಕೊಂಚ ತಪ್ಪಿದರೆ
ನಕ್ಕು ಬಡಿಸು ಮಗಳೇ.

"ಹ್ಞಾ," ಅಂದರು ಅಜ್ಜಿ. "ಈಗ ಉಪ್ಪು ಸರಿಯಾಯ್ತು."

ಕಡೆಯ ಕಟ್ಟಿನಲ್ಲಿ 'ಧಹಾಬು ನಾನೇ, ಮಗಳೇ' ಎಂದು ಮುಗಿಸಿಕೊಂಡಿದ್ದಳು. ಈ ವಿಷಯ ಅಜ್ಜಿಯೊಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಕೋಂಬೋ ಅಜ್ಜಿ ಒಂದು ಪದ್ಯ ಕಲಿಸಿದ್ದಾರೆ, ಅದನ್ನು ಧಹಾಬು ಹೇಳುತ್ತಾಳೆ ಎಂದಷ್ಟೇ ಸುದ್ದಿ ಹೋಯಿತು. ಅಜ್ಜಿಯ ಮಾತಿಗೆ ಎದುರಾಡುವ ಗಂಡಸು ಹೆಂಗಸು ಊರಲ್ಲಿ ಇರಲಿಲ್ಲವಾದ್ದರಿಂದ ಸ್ವಫೀಯಾ ಬಾಯಿಗೆ ಬೀಗ ಹಾಕಿಕೊಂಡಳು.

ಆ ಮಧ್ಯಾಹ್ನ ಒಳಕೋಣೆ ಹೆಂಗಸರಿಂದ ತುಂಬಿತ್ತು. ತೀಮಾ ಕೂತಿದ್ದದ್ದು ರಾಯಾಳ ಮಂಚದ ಮೇಲೆ. ಉಟ್ಟದ್ದು ರಾಯಾಳ ಪೆಟ್ಟಿಗೆಯಿಂದ ತೆಗೆದ ರೇಷ್ಮೆ. ಕೊರಳಲ್ಲಿ ರಾಯಾಳ ಸರ. ಧಹಾಬು ಎದುರು ಚಾಪೆಯ ಮೇಲೆ ಕೂತು, ಸೆರಗಿನ ಕೆಳಗೆ ಬೆರಳು ಎಣಿಸುತ್ತ ಪದ್ಯ ಶುರುಮಾಡಿದಳು. ಒಂದೆರಡು ಕಟ್ಟು ಕಳೆದ ಮೇಲೆ ತುರಿಮಣೆಯ ಲಯ ಸಿಕ್ಕಿತು. ಹೆಂಗಸರು 'ಮಗಳೇ' ಬಂದಾಗೆಲ್ಲ ದನಿ ಸೇರಿಸತೊಡಗಿದರು. ನಡುವೆ ಈ ಕಟ್ಟು ಬಂತು:

ಮುನಿಸಿಕೊಂಡು ಗೋಡೆಗೆ
ಮುಖ ಕೊಟ್ಟ ಮಗುವಿಗೆ
ಬೆನ್ನು ಸವರಿ ಮೆಲ್ಲಗೆ
ಕಾದವರುಂಟು, ಮಗಳೇ.

ತಲೆ ತಗ್ಗಿಸಿ ಕೂತಿದ್ದ ತೀಮಾ ಮುಖ ಎತ್ತಿದಳು. ಮೊಸಳೆಯ ವಿಷಯ ಕೇಳಿದ ದಿನ ನೋಡಿದ ಹಾಗೆಯೇ ನೆಟ್ಟಗೆ ನೋಡಿದಳು. ಆ ಮುಖವನ್ನು ನೋಡುತ್ತಲೇ ಧಹಾಬುವಿನ ಎದೆ ತುಂಬಿ ಬಂತು. ಈ ಕಣ್ಣು ಕೊಟ್ಟವಳು ಯಾರು, ಈ ಹಣೆ ಕೊಟ್ಟವಳು ಯಾರು? ಬಸಿರು ಹೊತ್ತು, ಹೆತ್ತು, ಆರು ವರ್ಷ ಎದೆಗೊತ್ತಿಕೊಂಡು ಬೆಳೆಸಿ, ಒಂದು ಮಾತೂ ಆಡದೆ ನನ್ನ ಮಡಿಲಿಗೆ ಬಿಟ್ಟು ಹೋದವಳು. ಬಂಜೆ ಎಂದು ಗಂಡ ಹೊರಗೆ ಕಳಿಸಿದ ನನಗೆ ಮಗಳೇ ಎಂದು ಕರೆಯಲು ಒಂದು ಜೀವ ಕೊಟ್ಟವಳು. ಅವಳಿಗೆ ನಾನು ಏನು ಕೊಟ್ಟೆ? ಒಂದು ದಿನವಾದರೂ ನಿನ್ನಿಂದ ಉಪಕಾರವಾಯಿತು ತಾಯಿ ಎಂದೆನೇ? ಕಡೆಯ ಕಟ್ಟು ಬಂದಾಗ ನಾಲಗೆ ಅವಳ ಅನುಮತಿ ಕೇಳಲಿಲ್ಲ.

ಕಟ್ಟಿದ್ಯಾರು ಕೇಳುವಿರಾ
ಹೆಸರನ್ನು ಹೇಳುವಿರಾ
ದುವಾ ಒಂದು ಬೇಡುವಿರಾ
ರಾಯಾ ನಿನ್ನಮ್ಮ, ಮಗಳೇ.

ಹೆಂಗಸರೆಲ್ಲ ಕೈಯೆತ್ತಿ ರಾಯಾಳಿಗೆ ಸ್ವರ್ಗ ಬೇಡಿದರು. ಸ್ವಫೀಯಾ ಗೊಳೋ ಎಂದು ಅತ್ತಳು. ರಾಯಾ ಸಾಯುವ ಮೊದಲೇ ಪದ್ಯ ಕಟ್ಟಿ ಕೋಂಬೋ ಅಜ್ಜಿಯ ಬಳಿ ಬಿಟ್ಟಿದ್ದಳು, ಅಜ್ಜಿ ಅದನ್ನು ಹೊಳೆಯವಳಿಗೆ ಗಿಣಿಪಾಠ ಮಾಡಿಸಿದ್ದಾರೆ ಎಂದು ಎಲ್ಲರೂ ತಿಳಿದರು. ತೀಮಾ ಏನು ತಿಳಿದಳೋ, ಹೊರಡುವಾಗ ಚಿಕ್ಕಮ್ಮನ ಕೈ ಹಿಡಿದು ಅದನ್ನು ಬಹಳ ಹೊತ್ತು ಬಿಡಲಿಲ್ಲ.

ಕೋಂಬೋ ಅಜ್ಜಿ ಮರುದಿನ ಅವಳನ್ನು ಕರೆಸಿ ಕೆಂಡಕಾರಿದರು.

"ತಲೆ ಕೆಟ್ಟಿದೆಯೇನೇ ನಿಂಗೆ? ಹೆಸರು ಅಂದ್ರೆ ದೊಡ್ಡಸ್ತಿಕೆ ಅಂದ್ಕೊಂಡ್ಯಾ? ದುವಾ ಬಂದು ಸೇರೋ ವಿಳಾಸ ಕಣೇ ಅದು! ರಾಯಾಗೆ ಮಗಳಿದಾಳೆ, ತವರಿದೆ, ಊರೇ ಇದೆ. ನೀನು ಹೋದ ಮೇಲೆ ನಿಂಗೆ ಅಂತ ಕೈಯೆತ್ತೋರು ಯಾರು? ಹೊಟ್ಟೇಲಿ ಹುಟ್ಟಿದ್ದು ಇಲ್ಲ. ಇದ್ದಿದ್ದು ಈ ಪದ್ಯ ಒಂದು."

"ಅವಳು ನಂಗೆ ಮಗು ಕೊಟ್ಲು ಅಜ್ಜಿ. ನಾನು ಅವಳಿಗೆ ಒಂದು ಸಾಲು ಕೊಟ್ಟೆ. ಇನ್ನೂ ನಂದೇ ಬಾಕಿ."

"ಕೊಡೋದಾದ್ರೆ ಬೇರೆ ಕೊಡು, ಇದನ್ನ ಯಾಕೆ..." ಅಜ್ಜಿ ಕಣ್ಣೊರೆಸಿಕೊಂಡು, "ಒಂದು ಸಲ ಹತ್ತು ಜನರೆದುರು ಹೇಳಿದ ಮೇಲೆ ಪದ್ಯದ ಮಾತು ಬದಲಾಯಿಸೋ ಹಾಗಿಲ್ಲ, ಗೊತ್ತಲ್ಲ?" ಅಂದರು.

"ಗೊತ್ತು. ನೀವೂ ಯಾರಿಗೂ ಹೇಳ್ಬೇಡಿ."

ಅಜ್ಜಿ ಆ ಮಾತು ನಡೆಸಿಕೊಟ್ಟರು. ಕೆಲವು ವರ್ಷಗಳಲ್ಲಿ ಗುಟ್ಟನ್ನು ಜೊತೆಗೇ ತೆಗೆದುಕೊಂಡು ಹೋದರು.

ಪದ್ಯಕ್ಕೆ ಕಾಲು ಬಂದರೆ ಕಟ್ಟಿದವರ ಮಾತು ಕೇಳುವುದಿಲ್ಲ. ಮೊದಲು ಓಣಿಯ ಮದುವೆಗಳಲ್ಲಿ, ಆಮೇಲೆ ಇಡೀ ಲಾಮುವಿನಲ್ಲಿ, ಆಮೇಲೆ ದೋಣಿ ಹತ್ತಿ ಪಾಟೆ ದ್ವೀಪಕ್ಕೂ ಮಲಿಂದಿಗೂ ಹೋಯಿತು. 'ರಾಯಾಳ ಪದ್ಯ' ಎಂದೇ ಹೆಸರಾಯಿತು. ಕ್ಯಾಸೆಟ್ಟುಗಳ ಕಾಲ ಬಂದಾಗ ಯಾರೋ ಮದುವೆಮನೆಯಲ್ಲಿ ಹೇಳಿದ್ದನ್ನು ಹಿಡಿದು ಮಾರಿದರು. ಮೊಂಬಾಸಾದ ಹಾಡುಗಾರರು ಅದಕ್ಕೆ ಕೀಬೋರ್ಡು, ಡೋಲು ಸೇರಿಸಿ ಕುಣಿಯುವ ಹಾಗೆ ಮಾಡಿದರು. ಉಪ್ಪು ತಪ್ಪಿದ ಕಟ್ಟಿಗೆ ಹೆಂಗಸರು ಸೊಂಟ ತಿರುಗಿಸುವುದನ್ನು ನೋಡಿ ಹಳಬರು ಕಿವಿ ಮುಚ್ಚಿಕೊಂಡರು. ಧಹಾಬುವಿಗೆ ಬೇಜಾರಾಗಲಿಲ್ಲ. "ಕುಣೀಲಿ ಬಿಡಿ, ಬುದ್ಧಿಮಾತು ಕಿವೀಲಿ ಹೋಗದಿದ್ರೆ ಸೊಂಟದಲ್ಲಾದ್ರೂ ಹೋಗ್ಲಿ," ಅಂದಳು. ರೇಡಿಯೋದಲ್ಲಿ ಬಂದಾಗ ತುರಿಮಣೆ ಎಳೆದುಕೊಂಡು ಅದರ ಜೊತೆಗೇ ಕಾಯಿ ತುರಿಯುತ್ತಿದ್ದಳು. ಹಾಡುಗಾರರ ವೇಗಕ್ಕೆ ಕೈ ಸೋಲುತ್ತಿತ್ತು. ಕಡೆಯ ಕಟ್ಟಿನಲ್ಲಿ ರಾಯಾಳ ಹೆಸರು ಬಂದಾಗ ಎಲ್ಲಿದ್ದರೂ ಕೈ ನಿಲ್ಲಿಸಿ ಆಮೀನ್ ಅನ್ನುತ್ತಿದ್ದಳು. ಒಮ್ಮೊಮ್ಮೆ ಅಜ್ಜಿಯ ಮಾತು ನೆನಪಾಗುತ್ತಿತ್ತು. ಅಥ್ಮಾನ್ ತೀರಿಕೊಂಡ ವರ್ಷ ಅದು ಬಹಳ ಸಲ ನೆನಪಾಯಿತು. ನನಗೆ ಅಂತ ಕೈಯೆತ್ತುವವರು ಯಾರು? ತನ್ನನ್ನು ತಾನೇ ಗದರಿಸಿಕೊಂಡು ಅನ್ನಕ್ಕೆ ನೀರಿಡುತ್ತಿದ್ದಳು.

ತೀಮಾಗೆ ಸಾಲಾಗಿ ಮೂರು ಗಂಡು ಹುಟ್ಟಿದವು. "ಇನ್ನೊಂದು ಆಗ್ಲೇಬೇಕು," ಎಂದು ಅವಳು ಹಟ ಹಿಡಿದಾಗ ಗಂಡ ಕಂಗಾಲಾದ. ನಾಲ್ಕನೆಯದು ಹೆಣ್ಣಾಯಿತು, ಮರ್ಜಾನಿ ಎಂದು ಹೆಸರಿಟ್ಟರು. ತೀಮಾ ಯಾಕೆ ಅಷ್ಟು ಹೆಣ್ಣು ಬಯಸಿದಳು ಎನ್ನುವುದು ತಿಳಿಯಲು ಆ ಹುಡುಗಿ ದೊಡ್ಡವಳಾಗಿ, ಎಲ್ಲರ ಕೈಗೂ ಫೋನು ಬಂದು, ಮದುವೆ ಗೊತ್ತಾಗಬೇಕಾಯಿತು.

ಅಷ್ಟು ಹೊತ್ತಿಗೆ ಧಹಾಬುವಿಗೆ ಎಪ್ಪತ್ತು ದಾಟಿತ್ತು. ಕಣ್ಣು ಮಂಜಾಗಿತ್ತು, ಮಂಡಿ ಹಟ ಮಾಡುತ್ತಿತ್ತು. ಆ ಮಧ್ಯಾಹ್ನ ಅವಳನ್ನು ಕೈಹಿಡಿದು ತಂದು ಮೊಮ್ಮಗಳ ಪಕ್ಕದಲ್ಲೇ ಕೂರಿಸಿದರು. ಎದುರಿನ ಕುರ್ಚಿಯಲ್ಲಿ ಸ್ವಫೀಯಾ, ಹಲ್ಲೆಲ್ಲ ಉದುರಿದ್ದರೂ ಗತ್ತು ಮಾತ್ರ ಗಟ್ಟಿ. ಹುಡುಗಿಯರು ಹಿಡಿದಿಡಲು ಫೋನುಗಳನ್ನು ಎತ್ತಿಕೊಂಡಿದ್ದರು. ತೀಮಾ ರಾಯಾಳ ಪದ್ಯವನ್ನೇ ಹೇಳುತ್ತಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಇನ್ಯಾವುದನ್ನು ಹೇಳಿಯಾಳು?

ತೀಮಾ ಚಾಪೆಯ ಮೇಲೆ ಕೂತಳು. ಶುರುಮಾಡಿದ್ದು ಯಾರೂ ಕೇಳದ ನಾಲ್ಕು ಸಾಲು. ಅದರ ಹಿಂದೆಯೇ ರಾಯಾಳ ಪದ್ಯದ ಮೊದಲ ನಾಲ್ಕು ಸಾಲು. ಮತ್ತೆ ಹೊಸ ನಾಲ್ಕು, ಮತ್ತೆ ಹಳೆಯ ನಾಲ್ಕು. ಹಿರಿಯರ ಪದ್ಯದ ಒಂದು ಅಕ್ಷರವನ್ನೂ ಅಲುಗಿಸದೆ ಅದರ ಮುಂದೆ ತನ್ನ ಸಾಲು ಕಟ್ಟಿಕೊಂಡು ಹೋಗುವುದು ನಮ್ಮಲ್ಲಿ ಹಳೆಯ ಮರ್ಯಾದೆ. ದೊಡ್ಡ ದೊಡ್ಡ ಪಂಡಿತರು ಪಂಡಿತರಿಗೆ ಹಾಗೆ ಮಾಡುತ್ತಿದ್ದರು. ಮದುವೆಮನೆಯ ಬುದ್ಧಿಮಾತಿಗೆ ಯಾರೂ ಮಾಡಿದ್ದಿಲ್ಲ.

"ಇದೆಲ್ಲ ಹೆಂಗಸರ ಪದ್ಯಕ್ಕೆ ಮಾಡ್ತಾರೇನೇ?" ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

"ಸುಮ್ನಿರೇ, ಚೆನ್ನಾಗಿದೆ," ಎಂದಳು ಇನ್ನೊಬ್ಬಳು.

ಧಹಾಬುವಿನ ಬೆರಳು ತನಗೆ ತಾನೇ ಮಂಡಿಯ ಮೇಲೆ ಎಣಿಸತೊಡಗಿತ್ತು. ಎಂಟು, ನಿಲ್ಲು. ಎಂಟು, ನಿಲ್ಲು. ತೀಮಾಳ ಸಾಲುಗಳು ಅಳತೆಗೆ ಸರಿಯಾಗಿದ್ದವು. ಈ ಹುಡುಗಿ ಯಾವಾಗ ಕಲಿತಳು ಎಂದು ಬೆರಗಾಯಿತು. ಹೊಸ ಸಾಲುಗಳಲ್ಲಿ ಮೊಸಳೆ ಬಂತು, ಮೇಕೆಯ ಗಂಟೆ ಬಂತು, ಒಂದೇ ತಟ್ಟೆಯ ಅನ್ನ ಬಂತು. ಸ್ವಫೀಯಾ ಹುಬ್ಬು ಗಂಟಿಕ್ಕಿದಳು. ರಾಯಾ ಯಾವತ್ತು ಹೊಳೆ ನೋಡಿದ್ದಳು? ಕೊನೆಗೆ ಕಡೆಯ ಕಟ್ಟಿನ ಮುಂದೆ ತೀಮಾ ಒಂದು ಗಳಿಗೆ ಉಸಿರು ತೆಗೆದುಕೊಂಡಳು.

ತುರಿಮಣೆ ಸದ್ದಿನಲಿ
ಕಾಯಿಹಾಲಿನ ಕಂಪಲಿ
ಹೆಸರ ಬಿಟ್ಟಳು ಇಲ್ಲಿ
ಧಹಾಬು ನನ್ನಮ್ಮ, ಮಗಳೇ.

ಅದರ ಹಿಂದೆಯೇ, ಒಂದಕ್ಷರ ಬದಲಾಗದೆ, ಹಳೆಯ ಸಾಲುಗಳು ಬಂದವು. ಕಟ್ಟಿದ್ಯಾರು ಕೇಳುವಿರಾ, ಹೆಸರನ್ನು ಹೇಳುವಿರಾ, ದು‌ವಾ ಒಂದು ಬೇಡುವಿರಾ, ರಾಯಾ ನಿನ್ನಮ್ಮ, ಮಗಳೇ.

ಎರಡು ಹೆಸರು ಅಕ್ಕಪಕ್ಕ ಕೂತವು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಹುಡುಗಿಯರ ಕೈಯ ಫೋನುಗಳು ಎತ್ತಿದ್ದ ಹಾಗೇ ಇದ್ದವು. ಎಲ್ಲರೂ ಸ್ವಫೀಯಾಳ ಮುಖ ನೋಡಿದರು. ಮುದುಕಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಎರಡೂ ಕೈ ಎತ್ತಿದಳು.

"ರಾಯಾಗೆ ಸ್ವರ್ಗ ಸಿಗ್ಲಿ," ಅಂದಳು. ಹೆಂಗಸರು ಆಮೀನ್ ಅಂದರು. ಕೈ ಇಳಿಸದೆ ಮತ್ತೆ ಅಂದಳು, "ಕೊಮೋರಾನ ಮಗಳು ಧಹಾಬುಗೆ ದೇವರು ಆಯುಸ್ಸು ಕೊಡ್ಲಿ. ಇಷ್ಟು ವರ್ಷ ನಮ್ಮನ್ನೆಲ್ಲ ಮಂಗ ಮಾಡಿದಾಳೆ, ಆದ್ರೂ ಕೊಡ್ಲಿ."

ನಗು, ಅಳು, ಆಮೀನ್ ಎಲ್ಲ ಒಟ್ಟಿಗೇ ಎದ್ದವು. ಮರ್ಜಾನಿ ಗೋರಂಟಿ ಕೈಯಲ್ಲೇ ಅಜ್ಜಿಯನ್ನು ತಬ್ಬಿಕೊಂಡಳು. ಗಲಾಟೆ ಸ್ವಲ್ಪ ತಗ್ಗಿದ ಮೇಲೆ ತೀಮಾ ಬಂದು ಧಹಾಬುವಿನ ಕಾಲ ಬಳಿ ಕೂತಳು. ಧಹಾಬುವಿನ ಬೆರಳು ಇನ್ನೂ ಮಂಡಿಯ ಮೇಲೇ ಇತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಆವಾಗ್ಲೇ. ನೀನು ಕಾಯಿ ತುರೀವಾಗ ಗೋಡೆ ಆ ಕಡೆ ನಾನಿದ್ದೆ ಅಲ್ವಾ? ನಾಲ್ಕು ಸಲ ತಿರುಗಿಸೋದು, ನಿಲ್ಸೋದು, ಏನೋ ಗೊಣಗೋದು. ಅನ್ನ ದಿನಾ ತಡ. ಗೋಡೆಗೆ ಮುಖ ಮಾಡಿ ಮಲಗಿದ್ದು ರಾಯಾಗೆ ಹೇಗೆ ಗೊತ್ತಿರತ್ತೆ? ನಾನು ಮಲಗಿದ್ದೇ ಅವಳು ಹೋದ ಮೇಲೆ."

"ಮತ್ತೆ ಯಾಕೆ ಸುಮ್ನಿದ್ದೆ?"

"ನೀನು ಅವಳಿಗೆ ಕೊಟ್ಟಿದ್ದನ್ನ ನಾನು ಕಿತ್ಕೊಳ್ಲಾ? ಮಗಳಿಗೆ ಪದ್ಯ ಹೇಳೋ ದಿನ ಬರಲಿ ಅಂತ ಕಾದೆ. ಮೂರು ಗಂಡು ಹುಟ್ಟಿ ಸತಾಯಿಸಿದ್ವು."

ತೀಮಾ ಅವಳನ್ನು ನೀನು ಅಂದದ್ದು ಇದೇ ಮೊದಲು. ಧಹಾಬು ಗುರುವಿನ ಗತ್ತಿನಲ್ಲಿ ಅಂದಳು:

"ಎಲ್ಲ ಸರಿಯಾಗಿತ್ತು. ಧಹಾಬು ನನ್ನಮ್ಮ ಅನ್ನೋ ಸಾಲಲ್ಲಿ ಮಾತ್ರ ಒಂದಕ್ಷರ ಹೆಚ್ಚು. ಒಂಬತ್ತಾಯ್ತು."

"ಗೊತ್ತು. ಎಷ್ಟು ಕಾಯಿ ತುರಿದ್ರೂ ಎಂಟಕ್ಕೆ ಇಳೀಲಿಲ್ಲ. ಏನು ತೆಗೀಲಿ ಅಮ್ಮ, ನೀನೇ ಹೇಳು. ನಿನ್ನ ಹೆಸರು ತೆಗೀಲಾ, ನನ್ನ ಅನ್ನೋದು ತೆಗೀಲಾ, ಅಮ್ಮ ಅನ್ನೋದು ತೆಗೀಲಾ?"

ಧಹಾಬು ಬೆರಳು ಮಡಿಸಿ, ಬಿಡಿಸಿ, ಮತ್ತೆ ಎಣಿಸಿದಳು. ಜೀವಮಾನದಲ್ಲಿ ಅವಳು ಯಾರಿಗೂ ಒಂದಕ್ಷರ ಬಿಟ್ಟುಕೊಟ್ಟವಳಲ್ಲ.

"ಏನೂ ತೆಗೀಬೇಡ," ಅಂದಳು. "ಇರ್ಲಿ."

ಫೋನುಗಳು ಬಹಳ ಚುರುಕು. ಮರ್ಜಾನಿ ಗಂಡನ ಮನೆಯಲ್ಲಿ ಒಲೆ ಹಚ್ಚುವ ಮೊದಲೇ ಪದ್ಯ ಮಲಿಂದಿ, ಮೊಂಬಾಸಾ ದಾಟಿ, ದುಡಿಯಲು ಮಸ್ಕತ್ತಿಗೆ ಹೋದ ನಮ್ಮೂರ ಹೆಂಗಸರ ಅಡಿಗೆಮನೆಗಳನ್ನು ಮುಟ್ಟಿತ್ತು. ಮುಂದಿನ ಶುಕ್ರವಾರ ಧಹಾಬು ಮಂಡಿನೋವನ್ನು ಲೆಕ್ಕಿಸದೆ ತುರಿಮಣೆಯ ಮೇಲೆ ಕೂತಿದ್ದಳು. ಪಕ್ಕದ ಮನೆಯ ಹುಡುಗಿ ತನ್ನ ಅಂಗಳದಲ್ಲಿ ಪಾತ್ರೆ ತೊಳೆಯುತ್ತ ಫೋನಿನಲ್ಲಿ ಅದನ್ನೇ ಹಾಕಿಕೊಂಡಳು. ಧಹಾಬು ಜೊತೆಗೇ ಎಳೆಯುತ್ತ ಹೋದಳು. ಕಡೆಗೆ ಬಂದಾಗ ಆ ಒಂಬತ್ತಕ್ಷರದ ಸಾಲಿಗೆ ಒಂದು ಎಳೆತ ಹೆಚ್ಚಿಗೆ ಎಳೆದಳು, ಚಿಪ್ಪು ಕರಕರ ಅಂದಿತು. ರಾಯಾಳ ಹೆಸರು ಬಂದ ಕೂಡಲೇ ಎಂದಿನಂತೆ ಕೈ ನಿಲ್ಲಿಸಿ ಆಮೀನ್ ಅಂದಳು. ಆಮೇಲೆ ಓಣಿಯ ಕಡೆ, ಬಾಗಿಲ ಕಡೆ ಒಂದು ಸಲ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತನ್ನ ಹೆಸರಿಗೂ ಇನ್ನೊಂದು ಆಮೀನ್ ಅಂದುಕೊಂಡು, ಉಳಿದ ಹೋಳನ್ನು ಕೈಗೆತ್ತಿಕೊಂಡಳು.